ಗದ್ದುಗೆ ಗಟ್ಟಿಯಿದ್ದಾಗ ವಿದ್ಯೆ ಬೆಳೆಯುತ್ತಾ, ಅಲುಗಾಡಿದಾಗಲಾ?

ನಿಧಾನಸ್ಥ:
ಸುಮಾರು ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ, ಇಲ್ಲಿ ಹಾಕಿಬಿಡ್ತೀನಿ. ಓದಿಕೊಂಡವರು ಬಹಳ ಜನ ಇದ್ದೀರಿ.

ಗ್ರಹವೊಂದು ಸೂರ್ಯನನ್ನು ಸುತ್ತಲು ತಗೊಳ್ಳೋ ಕಾಲಕ್ಕೂ ಸೂರ್ಯನಿಂದ ಅದಕ್ಕಿರುವ ದೂರಕ್ಕೂ ಏನು ನಂಟು ಅನ್ನೋದು, ಅಂದ್ರೆ ಗ್ರಹಗತಿಯ ಮೂರನೇ ನಿಯಮ, ಖಗೋಳಜ್ಞ ಕೆಪ್ಲರ್‌ಗೆ ಖಚಿತವಾದದ್ದು 1618ರ ಮೇ 15ಕ್ಕೆ. ತಾರೀಕನ್ನು ಅವನೇ ಬರೆದಿಟ್ಟಿದ್ದಾನೆ. ಅದಾಗಿ ಎಂಟೇ ದಿನಕ್ಕೆ, ಮೇ 23ರಂದು, ಪ್ರಾಗ್ ಕೋಟೆಯ ಕಿಟಕಿಯಿಂದ ಚಕ್ರವರ್ತಿಯ ಪ್ರತಿನಿಧಿಗಳನ್ನು ಎತ್ತಿ ಹೊರಗೆಸೆದರು. ಮೂವತ್ತು ವರ್ಷದ ಯುದ್ಧ ಹತ್ತಿಕೊಂಡಿದ್ದು ಅಲ್ಲಿಂದ. ಆಮೇಲೆ ಕೆಪ್ಲರ್ ಪಾಡು ನೋಡಿ: ತಾಯಿಯನ್ನು ಮಾಟಗಾತಿ ಅಂತ ಸೆರೆಗೆ ಹಾಕಿದರು, ಮಗನೇ ನಿಂತು ವಾದಿಸಿ ಬಿಡಿಸಬೇಕಾಯ್ತು. 1626ರಲ್ಲಿ ಲಿಂಟ್ಸ್ ಪಟ್ಟಣಕ್ಕೆ ಮುತ್ತಿಗೆ ಬಿದ್ದಾಗ ಅಚ್ಚಿನ ಮನೆ ಸುಟ್ಟುಹೋಯ್ತು. ಗ್ರಹಗಳ ಕೋಷ್ಟಕವನ್ನು ಹೊತ್ತುಕೊಂಡು ಉಲ್ಮ್‌ಗೆ ಹೋಗಿ 1627ರಲ್ಲಿ ಅಚ್ಚು ಹಾಕಿಸಿದ.

ನಾನು ಇಷ್ಟು ದಿನ ನಂಬಿದ್ದು ಹೀಗೆ: ರಾಜ್ಯ ಸ್ಥಿರವಾಗಿದ್ದರೆ ಬೊಕ್ಕಸ ತುಂಬುತ್ತೆ, ಬೊಕ್ಕಸ ತುಂಬಿದರೆ ವಿದ್ಯೆಗೆ ಆಸರೆ ಸಿಗುತ್ತೆ, ಆಸರೆ ಸಿಕ್ಕರೆ ಅರಿವು ಬೆಳೆಯುತ್ತೆ. ಆದರೆ ಓದ್ತಾ ಹೋದ ಹಾಗೆ ಎಷ್ಟೋ ದೊಡ್ಡ ಆಲೋಚನೆಗಳು ಬೆಂಕಿ ಬಿದ್ದ ಮನೆಯಲ್ಲೇ ಹುಟ್ಟಿದ ಹಾಗೆ ಕಾಣ್ತಿದೆ. ರಾಜಕೀಯ ಸ್ಥಿರತೆಗೂ ಬೌದ್ಧಿಕ ಪ್ರಗತಿಗೂ ನಂಟು ಇದೆಯಾ? ಇದ್ದರೆ ಯಾವ ದಿಕ್ಕಿನದು? ನಿಮ್ಮ ಅಭಿಪ್ರಾಯ ಬೇಕು, ಉದಾಹರಣೆ ಸಮೇತ.

ಬೆಳ್ಳಿಚುಕ್ಕಿ:
ಇದರಲ್ಲಿ ಪ್ರಶ್ನೆ ಏನಿದೆ? ತಲೆ ಮೇಲೆ ಕತ್ತಿ ತೂಗುತ್ತಿದ್ದರೆ ಯಾರಿಗೆ ತಾನೇ ಪದ್ಯವೋ ಪ್ರಮೇಯವೋ ಹೊಳೆಯುತ್ತೆ? ಬಾಗ್ದಾದ್ ನೋಡಿ. 762ರಲ್ಲಿ ಅಲ್-ಮನ್ಸೂರ್ ಕಟ್ಟಿಸಿದ ನಗರ. ಖಲೀಫರ ಆಳ್ವಿಕೆ ಗಟ್ಟಿಯಿದ್ದಾಗ ಗ್ರೀಕ್, ಸಂಸ್ಕೃತ, ಪರ್ಷಿಯನ್ ಗ್ರಂಥಗಳು ಅರಬ್ಬಿಗೆ ಬಂದವು, ಅಲ್-ಖ್ವಾರಿಜ್ಮಿ ಬೀಜಗಣಿತ ಬರೆದ. 1258ರಲ್ಲಿ ಮಂಗೋಲರು ಬಂದರು, ಕಥೆ ಮುಗೀತು. ಐನೂರು ವರ್ಷ ಕಟ್ಟಿದ್ದನ್ನು ಒಡೆಯೋಕೆ ಕೆಲವೇ ದಿನ ಸಾಕಾಯ್ತು.

ಅಲೆಮಾರಿ:
ಒಪ್ಪಲ್ಲ. ಚೀನಾದ ಕಾದಾಡುವ ರಾಜ್ಯಗಳ ಕಾಲ ತಗೊಳ್ಳಿ, ಕ್ರಿ.ಪೂ. 475ರಿಂದ 221. ಏಳು ದೊಡ್ಡ ರಾಜ್ಯಗಳು ಒಂದನ್ನೊಂದು ತಿನ್ನೋಕೆ ಕಾಯುತ್ತಿದ್ದವು. ಚೀನೀ ಚಿಂತನೆಯ ಬೇರೆಲ್ಲ ಆ ಕಾಲದ್ದೇ: ಮೆನ್ಸಿಯಸ್, ಜುವಾಂಗ್‌ಜಿ, ಷುನ್‌ಜಿ, ಹಾನ್ ಫೇ. ‘ನೂರು ಪಂಥಗಳು’ ಅಂತ ಅವರೇ ಕರೆದುಕೊಂಡರು. ಚಿ ರಾಜ್ಯದ ದೊರೆಗಳು ತಮ್ಮ ರಾಜಧಾನಿ ಲಿನ್‌ಜಿಯಲ್ಲಿ ವಿದ್ವಾಂಸರಿಗೆ ಮನೆ, ಸಂಬಳ ಕೊಟ್ಟು ಕೂರಿಸಿಕೊಂಡಿದ್ದರು, ಬರೀ ವಾದ ಮಾಡ್ತಾ ಇರಿ ಅಂತ.

ಆಮೇಲೆ ಕ್ರಿ.ಪೂ. 221ರಲ್ಲಿ ಚಿನ್ ದೊರೆ ಎಲ್ಲರನ್ನೂ ಗೆದ್ದು ಒಂದೇ ಸಾಮ್ರಾಜ್ಯ ಮಾಡಿದ. ಸ್ಥಿರತೆ ಬಂತು. ಕ್ರಿ.ಪೂ. 213ರಲ್ಲಿ ಪುಸ್ತಕ ಸುಡಿಸಿದ. ವೈದ್ಯ, ಶಕುನ, ಬೇಸಾಯದ ಪುಸ್ತಕಗಳನ್ನು ಮಾತ್ರ ಉಳಿಸಿದ. ಸ್ಥಿರತೆ ಕೊಟ್ಟ ಉಡುಗೊರೆ ಇದು.

ಇತಿಹಾಸದ ಹುಳು:
@ಬೆಳ್ಳಿಚುಕ್ಕಿ, ಎರಡು ತಿದ್ದುಪಡಿ.

ಒಂದು, ಅನುವಾದಕ್ಕೂ ಖಗೋಳಕ್ಕೂ ಹೆಚ್ಚು ಒತ್ತು ಕೊಟ್ಟವನು ಅಲ್-ಮಾಮೂನ್. ಅವನು ಪಟ್ಟಕ್ಕೆ ಬಂದದ್ದೇ ಅಣ್ಣತಮ್ಮಂದಿರ ಯುದ್ಧದಿಂದ. 812-813ರಲ್ಲಿ ಅವನ ಸೈನ್ಯ ಬಾಗ್ದಾದನ್ನೇ ಮುತ್ತಿತ್ತು, ಸೋದರ ಅಲ್-ಅಮೀನ್ ಸತ್ತ. ಮಾಮೂನ್ ಬಾಗ್ದಾದಿಗೆ ಕಾಲಿಟ್ಟದ್ದು 819ರಲ್ಲಿ. ಅಲ್-ಖ್ವಾರಿಜ್ಮಿ ಕೆಲಸ ಮಾಡಿದ್ದು ಇವನ ಆಸರೆಯಲ್ಲೇ.

ಎರಡು, 1258ಕ್ಕೆ ಕಥೆ ಮುಗೀಲಿಲ್ಲ. ಬಾಗ್ದಾದನ್ನು ಹಾಳುಮಾಡಿದ ಹುಲಗು ಖಾನನ ಪಕ್ಕದಲ್ಲೇ ನಾಸಿರುದ್ದೀನ್ ತೂಸಿ ಎಂಬ ಗಣಿತಜ್ಞ ಇದ್ದ. ಅವನ ಮಾತು ಕೇಳಿ ಹುಲಗು 1259ರಲ್ಲಿ ಮರಾಘಾದಲ್ಲಿ ವೀಕ್ಷಣಾಲಯ ಶುರುಮಾಡಿಸಿದ. ಗ್ರಹಗತಿಗೆ ತೂಸಿ ಕಂಡುಕೊಂಡ ಎರಡು ವೃತ್ತಗಳ ಉಪಾಯ ಮುಂದೆ ಕೊಪರ್ನಿಕಸ್‌ನ ಲೆಕ್ಕದಲ್ಲೂ ಕಾಣುತ್ತೆ.

ಪ್ರಶ್ನಾರ್ಥಕ:
ಅಂದ್ರೆ ನಗರ ಸುಟ್ಟವನೂ ಅವನೇ, ವೀಕ್ಷಣಾಲಯ ಕಟ್ಟಿಸಿದವನೂ ಅವನೇನಾ?

ಇತಿಹಾಸದ ಹುಳು:
ಅವನೇ. ಒಂದೇ ವರ್ಷದ ಅಂತರ.

ಗಣಿತದ ಮೇಷ್ಟ್ರು:
ಎಲ್ಲರೂ ಸ್ವಲ್ಪ ನಿಲ್ಲಿ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅನ್ನೋ ಥರ ಆಗ್ತಿದೆ ಈ ಚರ್ಚೆ. ಆ ಶತಮಾನದ ಯುರೋಪಿನಲ್ಲಿ ಎಲ್ಲಾದರೊಂದು ಕಡೆ ಯುದ್ಧ ಇಲ್ಲದ ವರ್ಷ ಹುಡುಕೋದೇ ಕಷ್ಟ. ಅಂಥ ಕಡೆ ಯಾವ ಶೋಧದ ತಾರೀಕು ಹಿಡಿದರೂ ಪಕ್ಕದಲ್ಲಿ ಒಂದು ಯುದ್ಧ ಸಿಕ್ಕೇ ಸಿಗುತ್ತೆ. ಅದರಿಂದ ಯುದ್ಧವೇ ಶೋಧ ಮಾಡಿಸಿತು ಅಂತಾಗಲ್ಲ.

ಎದುರು ಉದಾಹರಣೆಯನ್ನೂ ನೋಡಬೇಕಲ್ಲ. ಜಪಾನಿನ ತೊಕುಗಾವಾ ಆಳ್ವಿಕೆ 1603ರಿಂದ 1868. ಎರಡೂವರೆ ಶತಮಾನ ಹೆಚ್ಚುಕಮ್ಮಿ ಶಾಂತಿ. ಆ ಕಾಲದಲ್ಲೇ ಸೆಕಿ ತಕಕಾಜು ಎಂಬಾತ ನಿರ್ಧಾರಕಗಳ (ಸಮೀಕರಣ ಬಿಡಿಸೋಕೆ ಬಳಸೋ ಡಿಟರ್ಮಿನೆಂಟ್) ಕಲ್ಪನೆಯನ್ನು ತನ್ನಷ್ಟಕ್ಕೆ ತಾನೇ ಕಂಡುಕೊಂಡ, ಓದುಬರಹ ಹಳ್ಳಿಗೂ ಹಬ್ಬಿತು, ಜನ ರೇಖಾಗಣಿತದ ಸಮಸ್ಯೆಗಳನ್ನು ಮರದ ಹಲಗೆ ಮೇಲೆ ಬರೆದು ದೇವಾಲಯದಲ್ಲಿ ತೂಗುಹಾಕುತ್ತಿದ್ದರು. ಇದು ಪ್ರಗತಿ ಅಲ್ವಾ?

ಅಲೆಮಾರಿ:
ಹಬ್ಬಿತು, ಸರಿ. ಹೊಸ ದಾರಿ ತೆರೆಯಿತಾ? ಯುರೋಪಿನ ಪುಸ್ತಕಕ್ಕೆ ಬಾಗಿಲು ಹಾಕಿ ಕೂತಿದ್ದರು. ಡಚ್ಚರ ಮೂಲಕ ಒಂದು ಸಣ್ಣ ಕಿಂಡಿ ಬಿಟ್ಟರೆ ಏನಿರಲಿಲ್ಲ. ಅಂಗರಚನೆಯ ಪುಸ್ತಕವೊಂದು ಡಚ್ಚಿನಿಂದ ಜಪಾನಿಗೆ ಬಂದದ್ದು 1774ರಲ್ಲಿ, ಅದೂ ನಾಲ್ಕಾರು ವೈದ್ಯರು ಪದಪದಕ್ಕೆ ಒದ್ದಾಡಿ ತಂದದ್ದು.

ಗಣಿತದ ಮೇಷ್ಟ್ರು:
ಬಾಗಿಲು ಹಾಕಿದ್ದು ಅವರ ನೀತಿ, ಶಾಂತಿಯ ತಪ್ಪಲ್ಲ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಓಲೆಗರಿ:
ನಮ್ಮ ನುಡಿಯ ಚರಿತ್ರೆಯಲ್ಲೇ ಉತ್ತರ ಇದೆ ಅಂತ ನನಗನ್ನಿಸುತ್ತೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ 64 ವರ್ಷ ಆಳಿದ, 814ರಿಂದ 878. ಅಷ್ಟು ನೆಮ್ಮದಿಯ ಆಸ್ಥಾನದಿಂದಲೇ ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ಕವಿರಾಜಮಾರ್ಗ ಬಂತು. ಅದೇ ಕಾಲದಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಕವಿತೆ ಹೇಗಿರಬೇಕು ಅಂತ ನಿಧಾನವಾಗಿ ಕೂತು ಯೋಚಿಸುವ ಪುಸ್ತಕ ದಂಡಿನ ಗದ್ದಲದ ನಡುವೆ ಬರೋದಿಲ್ಲ.

ಇತಿಹಾಸದ ಹುಳು:
ಕ್ಷಮಿಸಿ, ಮತ್ತೆ ನಾನೇ. 64 ವರ್ಷ ಉದ್ದದ ಆಳ್ವಿಕೆ ಅನ್ನಿ, 64 ವರ್ಷದ ನೆಮ್ಮದಿ ಅನ್ನಬೇಡಿ. ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಸಾಮಂತರು ದಂಗೆ ಎದ್ದು ಸಿಂಹಾಸನವೇ ಕೈತಪ್ಪಿತ್ತು, ಗುಜರಾತ ಶಾಖೆಯ ಕರ್ಕ ಬಂದು ಮತ್ತೆ ಕೂರಿಸಿದ. ಗಂಗರ ಜೊತೆಗಿನ ಜಗಳ ವರ್ಷಗಟ್ಟಲೆ ಎಳೆಯಿತು, ಕೊನೆಗೆ ಮಗಳನ್ನು ಕೊಟ್ಟು ನಂಟಸ್ತನ ಬೆಳೆಸಿ ಮುಗಿಸಿದ. ದಂಡಿನ ಗದ್ದಲ ಚೆನ್ನಾಗಿಯೇ ಇತ್ತು.

ಓಲೆಗರಿ:
ಕರ್ಕನ ವಿಷಯ ಮರೆತೇ ಹೋಗಿತ್ತು, ಒಪ್ಪಿದೆ. ಹಾಗಾದರೆ ನನ್ನದೇ ಮಾತನ್ನು ತಿರುಗಿಸಿ ನೋಡ್ತೀನಿ.

ಕಲ್ಯಾಣ. ಹನ್ನೆರಡನೇ ಶತಮಾನದ ನಡುಭಾಗ. ಚಾಲುಕ್ಯರ ಗದ್ದುಗೆಯನ್ನು ಅವರದೇ ಸಾಮಂತ ಕಳಚೂರಿ ಬಿಜ್ಜಳ ಕಿತ್ತುಕೊಂಡಿದ್ದಾನೆ. ಗದ್ದುಗೆ ಮೇಲೆ ಕೂತವನಿಗೇ ತಾನು ಎಷ್ಟು ದಿನ ಅಂತ ಗೊತ್ತಿಲ್ಲ. ಅಂಥ ಹೊತ್ತಲ್ಲಿ ಮಡಿವಾಳರು, ಚಮ್ಮಾರರು, ಅಂಬಿಗರು, ಹೆಣ್ಣುಮಕ್ಕಳು ತಮ್ಮ ಮಾತಲ್ಲೇ ತತ್ತ್ವ ಹೇಳ್ತಾರೆ. ಗಟ್ಟಿ ಕೂತ ಚಕ್ರವರ್ತಿಯ ಕೆಳಗೆ ಅಷ್ಟು ದೊಡ್ಡ ಬಿರುಕು ಬಿಡ್ತಿತ್ತಾ? ನನಗೆ ಅನುಮಾನ.

ಆದರೆ ಇನ್ನೊಂದು ಮುಖ ಇದೆ. ಕಲ್ಯಾಣದ ಗಲಭೆಯಾದ ಮೇಲೆ ಶರಣರು ದಿಕ್ಕಾಪಾಲಾದರು. ಚದುರಿದ್ದ ವಚನಗಳನ್ನು ದೊಡ್ಡ ಮಟ್ಟದಲ್ಲಿ ಹುಡುಕಿ, ಕಲೆಹಾಕಿ, ಜೋಡಿಸಿದ ಕೆಲಸ ನಡೆದದ್ದು ಹದಿನೈದನೇ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದ ಆಸುಪಾಸು. ಹುಟ್ಟಿದ್ದು ಕದಡಿದ ನೀರಲ್ಲಿ, ದಡ ಸೇರಿದ್ದು ನೀರು ತಿಳಿಯಾದ ಮೇಲೆ. ನಡುವೆ ಇನ್ನೂರೈವತ್ತು ವರ್ಷ ಓಲೆಗಳನ್ನು ಕಾಪಾಡಿದ ಹೆಸರಿಲ್ಲದವರು ಇದ್ದರಲ್ಲ, ಅವರ ಬಗ್ಗೆ ಯಾವ ಸ್ಥಿರತೆಯ ಸಿದ್ಧಾಂತವೂ ಮಾತಾಡಲ್ಲ.

ನಿಧಾನಸ್ಥ:
@ಓಲೆಗರಿ, ಇದನ್ನು ಎರಡು ಸಲ ಓದಿದೆ. ಹುಟ್ಟೋದಕ್ಕೆ ಬೇಕಾದ್ದು ಬೇರೆ, ಉಳಿಯೋದಕ್ಕೆ ಬೇಕಾದ್ದು ಬೇರೆ ಅಂತಾಯ್ತಲ್ವಾ?

ಗಣಿತದ ಮೇಷ್ಟ್ರು:
ಅಷ್ಟು ಸಲೀಸಾಗಿ ಎರಡು ಭಾಗ ಮಾಡೋದಕ್ಕೂ ಆಗಲ್ಲ. ಮಾಧವನಿಂದ ಜ್ಯೇಷ್ಠದೇವನವರೆಗಿನ ಕೇರಳದ ಗಣಿತ ಪರಂಪರೆ ನೋಡಿ. ಮಾಧವ ಹದಿನಾಲ್ಕನೇ ಶತಮಾನದವನು, ನೀಲಕಂಠನ ತಂತ್ರಸಂಗ್ರಹ 1501ರದ್ದು, ಜ್ಯೇಷ್ಠದೇವ ಯುಕ್ತಿಭಾಷಾ ಬರೆದದ್ದು ಸುಮಾರು 1530ರಲ್ಲಿ. ಸುತ್ತ ಚಿಕ್ಕ ಚಿಕ್ಕ ಅರಸರು, ಅವರವರಲ್ಲೇ ಕಿತ್ತಾಟ, 1498ರಲ್ಲಿ ಕಡಲಿಂದ ಪೋರ್ಚುಗೀಸರು. ಆದರೂ ಗುರು-ಶಿಷ್ಯರ ಸರಪಳಿ ಕಡಿಯಲಿಲ್ಲ. ಮೇಲೆ ಯಾರು ಆಳ್ತಿದ್ದರು ಅನ್ನೋದು ಆ ಮನೆಯ ಪಡಸಾಲೆಗೆ ತಟ್ಟಲೇ ಇಲ್ಲ ಅನ್ನಿಸುತ್ತೆ. ಅನಂತ ಶ್ರೇಣಿ (ಕೊನೆಯಿಲ್ಲದೆ ಕೂಡುತ್ತಾ ಹೋಗುವ ಮೊತ್ತ) ಹುಟ್ಟಿದ್ದೂ ಅಲ್ಲೇ, ಕೆಲವು ತಲೆಮಾರು ಉಳಿದಿದ್ದೂ ಅಲ್ಲೇ.

ಅಲೆಮಾರಿ:
ನನ್ನ ಮುಖ್ಯ ಮಾತು ಬೇರೆ ಇದೆ. ರಾಜ್ಯ ಒಡೆದು ಹಂಚಿಹೋಗಿದ್ದರೆ ಅದರಿಂದಾಗುವ ದೊಡ್ಡ ಲಾಭ ಏನು ಗೊತ್ತಾ? ಓಡಿಹೋಗೋಕೆ ಪಕ್ಕದಲ್ಲೊಂದು ರಾಜ್ಯ ಇರುತ್ತೆ.

ಖಗೋಳಜ್ಞ ಟೈಕೋ ಬ್ರಾಹೆ ಡೆನ್ಮಾರ್ಕಿನ ದೊರೆ ಬದಲಾದಾಗ ಆಸರೆ ಕಳಕೊಂಡ, 1597ರಲ್ಲಿ ದೇಶ ಬಿಟ್ಟ. ಪ್ರಾಗ್‌ನಲ್ಲಿ ಚಕ್ರವರ್ತಿ ರುಡಾಲ್ಫ್ ಕರೆದು ಕೂರಿಸಿದ, 1600ರಲ್ಲಿ ಕೆಪ್ಲರ್ ಅಲ್ಲಿಗೇ ಬಂದು ಸೇರಿದ. ಟೈಕೋನ ಲೆಕ್ಕ ಇಲ್ಲದಿದ್ದರೆ @ನಿಧಾನಸ್ಥ ಶುರು ಮಾಡಿದ ಆ ಮೂರನೇ ನಿಯಮವೇ ಇಲ್ಲ. ಗೆಲಿಲಿಯೋನನ್ನು 1633ರಲ್ಲಿ ಮನೆಯಲ್ಲೇ ಬಂಧಿಸಿಟ್ಟರು, ಆದರೆ ಅವನ ಕೊನೆಯ ದೊಡ್ಡ ಪುಸ್ತಕ 1638ರಲ್ಲಿ ಲೈಡನ್‌ನಲ್ಲಿ ಅಚ್ಚಾಯ್ತು, ಪೋಪ್ ಕೈಗೆ ಎಟುಕದ ಜಾಗದಲ್ಲಿ. ದೆಕಾರ್ತ್ ಫ್ರಾನ್ಸ್ ಬಿಟ್ಟು ಇಪ್ಪತ್ತು ವರ್ಷ ಡಚ್ಚರ ನಾಡಲ್ಲಿ ಕೂತ.

ಅದೇ ಇಸ್ತಾಂಬುಲ್‌ನಲ್ಲಿ ತಕಿಯುದ್ದೀನನ ವೀಕ್ಷಣಾಲಯವನ್ನು ಸುಲ್ತಾನ ಮೂರನೇ ಮುರಾದ್ 1580ರಲ್ಲಿ ಕೆಡವಿಸಿದಾಗ, ಆ ಉಪಕರಣ ಹೊತ್ತುಕೊಂಡು ಹೋಗೋಕೆ ಪಕ್ಕದ ಬಾಗಿಲು ಇರಲಿಲ್ಲ. ಸಾಮ್ರಾಜ್ಯ ದೊಡ್ಡದಾದಷ್ಟೂ ಓಡೋ ದಾರಿ ಉದ್ದ.

ಬೆಳ್ಳಿಚುಕ್ಕಿ:
ಲೈಡನ್ ಹೆಸರು ನೀವೇ ತಂದಿರಿ. ಲೈಡನ್ ವಿಶ್ವವಿದ್ಯಾಲಯ ಹೇಗೆ ಹುಟ್ಟಿತು? 1574ರಲ್ಲಿ ಸ್ಪೇನಿನ ಮುತ್ತಿಗೆ ತಡಕೊಂಡು ನಿಂತಿದ್ದಕ್ಕೆ, 1575ರಲ್ಲಿ ಡಚ್ಚರ ನಾಯಕ ವಿಲಿಯಂ ಆಫ್ ಆರೆಂಜ್ ಆ ಊರಿಗೆ ಕೊಟ್ಟ ಕೊಡುಗೆ ಅದು. ಹಸಿವಿನಿಂದ ಸಾವಿರಾರು ಜನ ಸತ್ತ ಊರಿಗೆ ಕೊಟ್ಟದ್ದು ವಿಶ್ವವಿದ್ಯಾಲಯ. ಅವರಿಗೆ ಗೊತ್ತಿತ್ತು, ಕಟ್ಟಬೇಕಾದರೆ ಇಂಥದ್ದು ಕಟ್ಟಬೇಕು ಅಂತ. ಓಡಿಬಂದವನಿಗೆ ಒಳಗೆ ಕರೆದುಕೊಳ್ಳೋ ಮನೆ ಎಲ್ಲೋ ಒಂದು ಕಡೆ ಗಟ್ಟಿಯಾಗಿ ನಿಂತಿರಲೇಬೇಕಲ್ಲ? ನಿಮ್ಮ ಉದಾಹರಣೆ ನನ್ನ ಪರವಾಗಿಯೂ ಇದೆ.

ಅಲೆಮಾರಿ:
ಅದನ್ನು ನಾನೂ ಇಲ್ಲ ಅನ್ನಲ್ಲ. ಒಂದೇ ಮನೆ ಸಾಲದು, ನಾಲ್ಕು ಬೇಕು ಅಂತಿದ್ದೀನಿ.

ಅಳತೆಗೋಲು:
ಪ್ರಯೋಗ ಮಾಡಿ ಬದುಕೋಳು ನಾನು. ಇಲ್ಲಿ ಎಲ್ಲರೂ ಒಬ್ಬ ಮಹಾಪುರುಷ, ಒಂದು ಪುಸ್ತಕ, ಒಂದು ರಾತ್ರಿ ಹೊಳೆದದ್ದು ಅಂತ ಮಾತಾಡ್ತಿದ್ದೀರಿ. ಇವತ್ತಿನ ವಿಜ್ಞಾನದ ಬಹುಭಾಗ ಹಾಗಿಲ್ಲ. ಅದು ಪ್ರತಿದಿನ ಅದೇ ಹೊತ್ತಿಗೆ ಅದೇ ಅಂಕಿ ಬರೆದಿಡೋ ಕೆಲಸ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದೆ ಅಂತ ಜಗತ್ತಿಗೆ ತೋರಿಸಿದ್ದು ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ನಡೆದ ಅಳತೆ. ಚಾರ್ಲ್ಸ್ ಕೀಲಿಂಗ್ ಅದನ್ನು ಹಿಡಿದು ಕೂತ. ಆ ಗೆರೆಯಲ್ಲಿ 1964ರ ಮೊದಲ ತಿಂಗಳುಗಳಲ್ಲಿ ಒಂದು ಖಾಲಿ ಜಾಗ ಇದೆ. ಯುದ್ಧ ಅಲ್ಲ, ದಂಗೆ ಅಲ್ಲ, ಹಣ ಕಡಿತ. ಅರವತ್ತು ವರ್ಷ ಆದರೂ ಆ ಜಾಗ ಖಾಲಿಯೇ. ಗುರುತ್ವದ ಅಲೆ ಹಿಡಿಯುವ ಲೈಗೋಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ, ಮೊದಲ ಅಲೆ ಸಿಕ್ಕಿದ್ದು 2015ರ ಸೆಪ್ಟೆಂಬರ್ 14ಕ್ಕೆ. ಇಪ್ಪತ್ತೈದು ವರ್ಷ ಯಾವ ಫಲವೂ ಇಲ್ಲದೆ ಹಣ ಹಾಕ್ತಾ ಹೋಗುವ ವ್ಯವಸ್ಥೆ ಬೇಕಲ್ಲ ಅದಕ್ಕೆ? ದಂಗೆಯ ನಡುವೆ ತತ್ತ್ವ ಹುಟ್ಟಬಹುದು, ಲೈಗೋ ಹುಟ್ಟಲ್ಲ.

ನನ್ನದೇ ಅನುಭವ ಹೇಳ್ತೀನಿ. ನಾನಿದ್ದ ಯೋಜನೆ ಮಣ್ಣಿನ ತೇವ ಅಳೆಯೋದು, ಐದು ವರ್ಷದ್ದು. ಎರಡನೇ ವರ್ಷ ಮೇಲಿನವರು ಬದಲಾದರು. ಹೊಸಬರು ಬಂದು ಎಲ್ಲ ಕಡತ ಮತ್ತೆ ನೋಡ್ತೀವಿ ಅಂದರು. ಹನ್ನೊಂದು ತಿಂಗಳು ಉಪಕರಣಗಳು ಸುಮ್ಮನೆ ನಿಂತವು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆಮೇಲೆ ಹಣ ಬಂತು, ಕೆಲಸ ಮುಂದುವರಿಯಿತು, ಆದರೆ ಆ ಹನ್ನೊಂದು ತಿಂಗಳ ಮಳೆ ಮತ್ತೆ ಬೀಳಲ್ಲ. ನನ್ನ ಪ್ರಬಂಧದಲ್ಲಿ ಆ ಜಾಗ ಹಾಗೇ ಬಿಟ್ಟಿದ್ದೀನಿ.

ಪ್ರಶ್ನಾರ್ಥಕ:
@ಅಳತೆಗೋಲು, ಅಮೆರಿಕ ಸ್ಥಿರ ದೇಶವೇ. ಆದರೂ ಅಲ್ಲಿನ ಬೃಹತ್ ಕಣವೇಗೋತ್ಕರ್ಷಕವನ್ನು ಸುರಂಗ ತೋಡ್ತಾ ತೋಡ್ತಾ 1993ರಲ್ಲಿ ಸಂಸತ್ತು ನಿಲ್ಲಿಸಿತು. ಅಲ್ಲಿ ಹುಡುಕಬೇಕೆಂದಿದ್ದ ಹಿಗ್ಸ್ ಕಣ ಕೊನೆಗೆ 2012ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕಿತು.

ಅಳತೆಗೋಲು:
ಹೌದು, ಅದೇ ನನ್ನ ವಾದ. ದೇಶ ಸ್ಥಿರವಾಗಿದ್ದರೆ ಸಾಲದು, ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಸರ್ನ್ 1954ರಲ್ಲಿ ಹನ್ನೆರಡು ದೇಶ ಸೇರಿ ಕಟ್ಟಿದ್ದು, ಅವುಗಳಲ್ಲಿ ಕೆಲವು ಒಂಬತ್ತು ವರ್ಷದ ಹಿಂದಷ್ಟೇ ಒಬ್ಬರ ಮೇಲೊಬ್ಬರು ಬಾಂಬು ಹಾಕಿದ್ದವು. ಹಲವು ಸರ್ಕಾರ ಸಹಿ ಹಾಕಿದ್ದನ್ನು ಒಂದು ಸರ್ಕಾರ ಬಿದ್ದರೆ ನಿಲ್ಲಿಸೋಕಾಗಲ್ಲ.

ಗಣಿತದ ಮೇಷ್ಟ್ರು:
ದಾರಿ ಸ್ವಲ್ಪ ತಪ್ಪಿಸ್ತೀನಿ, ಆದರೆ ಹೇಳದೆ ಇರೋಕಾಗ್ತಿಲ್ಲ. ಗಣಿತಕ್ಕೆ ಉಪಕರಣ ಬೇಡ. ಅದಕ್ಕೇ ನಮ್ಮಲ್ಲಿ ಸೆರೆಮನೆಯ ಗಣಿತ ಅಂತಲೇ ಒಂದು ಪರಂಪರೆ ಇದೆ. ನೆಪೋಲಿಯನ್‌ನ ಸೈನ್ಯ ರಷ್ಯಾದಿಂದ ಹಿಮ್ಮೆಟ್ಟುವಾಗ ಪೊನ್ಸೆಲೆ ಸೆರೆಸಿಕ್ಕ. ಸರಾತೋವ್‌ನಲ್ಲಿ ಪುಸ್ತಕ ಇಲ್ಲದೆ, ನೆನಪಿಂದಲೇ ಪ್ರಕ್ಷೇಪ ಜ್ಯಾಮಿತಿಗೆ ಅಡಿಪಾಯ ಹಾಕಿದ, 1813-14ರಲ್ಲಿ. 1940ರಲ್ಲಿ ಜರ್ಮನ್ನರ ಕೈಗೆ ಸಿಕ್ಕ ಜಾನ್ ಲೆರೇ ದ್ರವಗಳ ಗಣಿತದಲ್ಲಿ ನಿಪುಣ. ಅದು ಗೊತ್ತಾದರೆ ತಮ್ಮ ಯುದ್ಧದ ಕೆಲಸಕ್ಕೆ ಹಚ್ಚುತ್ತಾರೆ ಅಂತ ಮುಚ್ಚಿಟ್ಟು, ತಾನು ಬರೀ ಸಂಸ್ಥಿತಿಶಾಸ್ತ್ರದವನು (ಟೋಪಾಲಜಿ, ಆಕಾರಗಳ ಗಣಿತ) ಅಂದ. ಐದು ವರ್ಷ ಬಂಧಿಗಳ ಶಿಬಿರದಲ್ಲಿ ಅದನ್ನೇ ಮಾಡಿದ, ಇವತ್ತು ಶೀಫ್ ಅಂತ ಕರೆಯೋ ಕಲ್ಪನೆ ಅಲ್ಲಿಂದ ಬಂತು. ಶ್ವಾರ್ಟ್ಸ್‌ಚೈಲ್ಡ್ 1915ರಲ್ಲಿ ಸೈನ್ಯದಲ್ಲಿದ್ದಾಗಲೇ ಐನ್‌ಸ್ಟೈನ್‌ನ ಗುರುತ್ವ ಸಮೀಕರಣಕ್ಕೆ ಮೊದಲ ನಿಖರ ಪರಿಹಾರ ಕೊಟ್ಟ.

ಮನುಷ್ಯನ ತಲೆ ಎಂಥ ಕಡೆಯೂ ಕೆಲಸ ಮಾಡುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕಿರಿಯ ಓದುಗ:
ಲೆರೇ ವಿಷಯ ಗೊತ್ತೇ ಇರಲಿಲ್ಲ. ಮೈ ಜುಮ್ ಅಂತು.

ಮೌನಿ:
ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. @ಗಣಿತದ ಮೇಷ್ಟ್ರು, ನಿಮ್ಮ ಮೇಲೆ ಗೌರವ ಇದೆ, ಆದರೆ ಈ ಮಾತು ನನಗೆ ನೋವು ಕೊಡ್ತು.

ಸೆರೆಯಿಂದ ಬದುಕಿ ಬಂದವರ ಪಟ್ಟಿ ಕೊಟ್ಟಿರಿ. ಬರದವರ ಪಟ್ಟಿ ಎಲ್ಲಿ? ನೀವು ಹೇಳಿದ ಅದೇ ಸರಾತೋವ್‌ನ ಸೆರೆಮನೆಯಲ್ಲಿ 1943ರ ಜನವರಿಯಲ್ಲಿ ನಿಕೊಲಾಯ್ ವಾವಿಲೋವ್ ಸತ್ತರು. ಐದು ಖಂಡ ಸುತ್ತಿ ಬೀಜ ಕೂಡಿಹಾಕಿದ್ದ ಮನುಷ್ಯ, ಬರಗಾಲ ಮತ್ತೆ ಬರಬಾರದು ಅಂತ ಬದುಕು ತೇದವರು. ಅನ್ನವಿಲ್ಲದೆ ಸವೆದು ಸತ್ತರು. ಅವರ ಸಂಸ್ಥೆಯ ಜನ ಮುತ್ತಿಗೆ ಬಿದ್ದ ಲೆನಿನ್‌ಗ್ರಾಡ್‌ನಲ್ಲಿ ಅಕ್ಕಿ, ಗೋಧಿ, ಕಡಲೆಯ ಮಾದರಿಗಳ ನಡುವೆ ಕೂತು, ಅದನ್ನು ಮುಟ್ಟದೆ, ಹಸಿವಿನಿಂದ ಒಬ್ಬೊಬ್ಬರೇ ಹೋದರು. ಶ್ವಾರ್ಟ್ಸ್‌ಚೈಲ್ಡ್ ಪರಿಹಾರ ಕೊಟ್ಟರು ಅಂದಿರಿ, ಮರುವರ್ಷ ಮೇ ತಿಂಗಳಲ್ಲಿ ತೀರಿಹೋದರು ಅಂತಲೂ ಹೇಳಿ, 42 ವರ್ಷ. ರಸಾಯನಶಾಸ್ತ್ರಜ್ಞ ಲಾವೊಸಿಯೆ 1794ರ ಮೇ 8ರಂದು ಗಿಲೊಟಿನ್‌ಗೆ ತಲೆ ಕೊಟ್ಟರು. ಗಣಿತಜ್ಞ ಗಾಲ್ವಾ 20ನೇ ವಯಸ್ಸಿಗೆ ಮುಗಿದುಹೋದ, ರಾಜಕೀಯಕ್ಕಾಗಿ ಕಾಲೇಜಿನಿಂದ ಹೊರಹಾಕಿಸಿಕೊಂಡು, ಸೆರೆಗೂ ಹೋಗಿ ಬಂದವನು.

ಇವರಿಗೆಲ್ಲ ಹೆಸರಾದರೂ ಇದೆ. ಕೆಪ್ಲರ್‌ನ ಸಮಾಧಿಯನ್ನೇ ಆ ಯುದ್ಧ ನೆಲಸಮ ಮಾಡಿತು, ಎಲ್ಲಿ ಅಂತ ಇವತ್ತಿಗೂ ತಿಳಿಯದು. ಹಾಗಿದ್ದ ಮೇಲೆ ಓದೋಕೆ ಮೊದಲೇ ಸತ್ತ ಮಕ್ಕಳ ಲೆಕ್ಕ ಯಾರು ಇಟ್ಟಿದ್ದಾರೆ? ಬೆಂಕಿಯಲ್ಲಿ ಚಿನ್ನ ಹೊಳೆಯಿತು ಅನ್ನೋರು ಬೂದಿಯನ್ನೂ ತೂಕ ಹಾಕಲಿ.

ಗಣಿತದ ಮೇಷ್ಟ್ರು:
ನಿಮ್ಮ ಮಾತು ಸರಿ. ನಾನು ಬರೆದ ಕೊನೆಯ ಸಾಲು ಹಾಗೆ ಬರೆಯಬಾರದಿತ್ತು.

ಬೆಳ್ಳಿಚುಕ್ಕಿ:
@ಮೌನಿ, ವಾವಿಲೋವ್ ಹೆಸರು ಕೇಳಿದ ಮೇಲೆ ನನ್ನ ಮೊದಲಿನ ವಾದವೂ ಸಡಿಲ ಆಯ್ತು. ಅವರನ್ನು ಕೊಂದದ್ದು ಅರಾಜಕತೆ ಅಲ್ಲ. ಸ್ಟಾಲಿನ್ ಗದ್ದುಗೆ ಅಲ್ಲಾಡ್ತಿರಲಿಲ್ಲ, ಬಹಳ ಗಟ್ಟಿಯಾಗಿತ್ತು. 1948ರ ಆಗಸ್ಟಿನಲ್ಲಿ ಸ್ಟಾಲಿನ್ ಬೆಂಬಲವಿದ್ದ ಕೃಷಿತಜ್ಞ ಲೈಸೆಂಕೋನ ಮಾತೇ ಸರಿ, ತಳಿಶಾಸ್ತ್ರವೇ ಸುಳ್ಳು ಅಂತ ಒಂದು ಸಭೆಯಲ್ಲಿ ತೀರ್ಮಾನ ಆಯ್ತು. ಅಷ್ಟೊಂದು ವಿಜ್ಞಾನಿಗಳಿದ್ದ ದೇಶದಲ್ಲಿ ಒಂದು ಇಡೀ ಶಾಸ್ತ್ರವನ್ನು ಹಾಗೆ ಬಾಯಿಮುಚ್ಚಿಸೋಕೆ ಗಟ್ಟಿ ಸರ್ಕಾರವೇ ಬೇಕು, ಬಡಕಲು ಸರ್ಕಾರದ ಕೈಲಿ ಆಗಲ್ಲ. ಆದರೆ ಅದೇ ಸರ್ಕಾರದ ಕೆಳಗೆ ಗಣಿತಜ್ಞ ಕೊಲ್ಮೊಗೊರೋವ್ ಸಂಭವನೀಯತೆಗೆ ಬುನಾದಿ ಹಾಕಿದ್ದೂ ನಿಜ. ಹೇಗೆ ಅರ್ಥ ಮಾಡ್ಕೊಳ್ಳೋದು ಇದನ್ನ?

ಅಲೆಮಾರಿ:
ಗೋಧಿ ಹೇಗೆ ಬೆಳೆಯುತ್ತೆ ಅನ್ನೋದರ ಬಗ್ಗೆ ಪಕ್ಷಕ್ಕೆ ಅಭಿಪ್ರಾಯ ಇತ್ತು, ಸಂಭವನೀಯತೆ ಬಗ್ಗೆ ಅಷ್ಟಾಗಿ ಇರಲಿಲ್ಲ. ಆಳುವವನ ಕಣ್ಣು ಎಲ್ಲಿ ಬೀಳುತ್ತೋ ಅಲ್ಲಿ ಹುಲ್ಲು ಒಣಗುತ್ತೆ.

ಇತಿಹಾಸದ ಹುಳು:
1933ರ ಜರ್ಮನಿಯನ್ನೂ ಸೇರಿಸಿ. ಏಪ್ರಿಲ್ 7ರ ಒಂದೇ ಕಾನೂನು, ಯೆಹೂದಿಗಳನ್ನು ಸರ್ಕಾರಿ ಹುದ್ದೆಯಿಂದ ತೆಗೆಯೋದು. ಗಾಜು ಒಡೀಲಿಲ್ಲ, ಗುಂಡು ಹಾರಲಿಲ್ಲ, ಕಚೇರಿಯಿಂದ ಪತ್ರ ಬಂತು ಅಷ್ಟೆ. ಗಟ್ಟಿಂಗೆನ್ ವಿಶ್ವವಿದ್ಯಾಲಯದಿಂದ ಎಮ್ಮಿ ನೊಥರ್, ಮ್ಯಾಕ್ಸ್ ಬಾರ್ನ್, ಜೇಮ್ಸ್ ಫ್ರಾಂಕ್, ಕೂರಾಂಟ್ ಹೊರಟುಹೋದರು. ಅದಕ್ಕೆ ಮುಂಚಿನ ವೈಮಾರ್ ಗಣರಾಜ್ಯದಲ್ಲಿ ಸರ್ಕಾರಗಳು ಮೇಲಿಂದ ಮೇಲೆ ಬೀಳುತ್ತಿದ್ದವು, 1923ರಲ್ಲಂತೂ ದುಡ್ಡಿಗೆ ಬೆಲೆಯೇ ಇರಲಿಲ್ಲ. ಹೈಸನ್‌ಬರ್ಗ್ ಕ್ವಾಂಟಂ ಯಂತ್ರಶಾಸ್ತ್ರ ಬರೆದದ್ದು ಅದಾದ ಎರಡೇ ವರ್ಷಕ್ಕೆ, 1925ರಲ್ಲಿ, ಅದೇ ಗಟ್ಟಿಂಗೆನ್‌ನಿಂದ.

ಅರ್ಜೆಂಟೀನಾದ್ದು ಇನ್ನೊಂದು ಬಗೆ. 1962ರ ಸೇನಾ ಕ್ರಾಂತಿಯ ನಂತರ ಜೀವರಸಾಯನ ವಿಜ್ಞಾನಿ ಮಿಲ್ಸ್‌ಟೈನ್ ತನ್ನ ಸಂಸ್ಥೆ ಬಿಟ್ಟು ಕೇಂಬ್ರಿಜ್‌ಗೆ ಹೋದರು, 1984ರಲ್ಲಿ ನೊಬೆಲ್ ಬಂತು. 1966ರ ಜುಲೈ 29ರಂದು ಸೈನಿಕ ಆಡಳಿತ ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯಕ್ಕೆ ಪೊಲೀಸರನ್ನು ನುಗ್ಗಿಸಿ ಅಧ್ಯಾಪಕರನ್ನು ಲಾಠಿಯಿಂದ ಹೊಡೆಸಿತು, ನೂರಾರು ಜನ ದೇಶ ಬಿಟ್ಟರು. ಹೊಡೆಸಿದವರು ಹೇಳಿದ್ದೂ ನಾವು ಸ್ಥಿರತೆ ತರ್ತಿದ್ದೀವಿ ಅಂತಲೇ.

ಪ್ರಶ್ನಾರ್ಥಕ:
ಸಾಕ್ರೆಟಿಸ್‌ನನ್ನೂ ಯುದ್ಧದ ಗಲಾಟೆಯಲ್ಲೇ ಕೊಂದರಲ್ವಾ?

ಇತಿಹಾಸದ ಹುಳು:
ಇಲ್ಲ. ಅಥೆನ್ಸ್‌ಗೂ ಸ್ಪಾರ್ಟಾಕ್ಕೂ ನಡೆದ ಯುದ್ಧ ಮುಗಿದದ್ದು ಕ್ರಿ.ಪೂ. 404ಕ್ಕೆ, ವಿಷ ಕೊಟ್ಟದ್ದು 399ರಲ್ಲಿ. ಪ್ರಜಾಪ್ರಭುತ್ವ ಮರಳಿ ಬಂದಿತ್ತು, ಊರು ತಣ್ಣಗಾಗಿತ್ತು. ಯುದ್ಧ ನಡೆದ ಇಪ್ಪತ್ತೇಳು ವರ್ಷವೂ ಆತ ಪೇಟೆಯಲ್ಲಿ ನಿಂತು ಪ್ರಶ್ನೆ ಕೇಳ್ತಾನೇ ಇದ್ದ.

ಕಿರಿಯ ಓದುಗ:
ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ, ಚಿಕ್ಕದೊಂದು ಹೇಳ್ತೀನಿ. ನಾನು ಓದಿದ ಕಡೆ ಹಳೆಯ ಲಿಪಿಗಳನ್ನು ಓದೋಕೆ ಬರ್ತಿದ್ದ ಒಬ್ಬರೇ ಅಧ್ಯಾಪಕರು. ನಿವೃತ್ತರಾಗುವ ಎರಡು ವರ್ಷ ಮೊದಲೇ ಬರೆದರು, ಯಾರನ್ನಾದರೂ ಕೊಡಿ, ಕಲಿಸಿ ಹೋಗ್ತೀನಿ ಅಂತ. ದೇಶದಲ್ಲಿ ಏನೂ ಗಲಾಟೆ ಇರಲಿಲ್ಲ. ಎಲ್ಲ ಶಾಂತವಾಗಿತ್ತು. ಆ ಹುದ್ದೆ ತುಂಬಲೇ ಇಲ್ಲ. ಅವರು ಹೋದರು, ಕಪಾಟಿನ ಕಟ್ಟುಗಳು ಹಾಗೇ ಇವೆ. ಓದೋರಿಲ್ಲ. @ಓಲೆಗರಿ ಹೇಳಿದ ಹೆಸರಿಲ್ಲದವರ ಮಾತು ಓದಿದಾಗ ಅವರದೇ ಮುಖ ಬಂತು ಕಣ್ಣಿಗೆ.

ಓಲೆಗರಿ:
ಅವರು ಈಗಲೂ ಇದ್ದಾರಾ? ಇದ್ದರೆ ದಯವಿಟ್ಟು ಹೋಗಿ. ವಾರಕ್ಕೊಂದು ಗಂಟೆ ಕೂತರೂ ಸಾಕು. ಹುದ್ದೆ ತುಂಬೋದು ನಿಮ್ಮ ಕೈಲಿಲ್ಲ, ಇದು ಇದೆ.

ಕಿರಿಯ ಓದುಗ:
ಇದ್ದಾರೆ. ಈ ಭಾನುವಾರ ಫೋನ್ ಮಾಡ್ತೀನಿ.

ಅಳತೆಗೋಲು:
@ಮೌನಿ ಹೇಳಿದ ಬೀಜದ ಮಾತಿಗೆ ಒಂದು ಸೇರಿಸ್ತೀನಿ. ಸಿರಿಯಾದ ಅಲೆಪ್ಪೊ ಹತ್ತಿರ ಒಣಭೂಮಿ ಬೆಳೆಗಳ ದೊಡ್ಡ ಬೀಜ ಸಂಗ್ರಹ ಇತ್ತು. ಅಲ್ಲಿನವರು ತಮ್ಮ ಮಾದರಿಗಳ ಇನ್ನೊಂದು ಪ್ರತಿಯನ್ನು ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡ್ ಕಣಜದಲ್ಲಿ ಇಟ್ಟಿದ್ದರು, ಅದು ಶುರುವಾದದ್ದು 2008ರಲ್ಲಿ. ಯುದ್ಧ ಬಂದು ಅಲೆಪ್ಪೊ ಕೈಬಿಟ್ಟಾಗ, 2015ರಲ್ಲಿ ಸ್ವಾಲ್‌ಬಾರ್ಡ್‌ನಿಂದ ಬೀಜ ಹಿಂದಕ್ಕೆ ತರಿಸಿಕೊಂಡರು. ಆ ಕಣಜ ತೆರೆದ ಮೇಲೆ ಯಾರಾದರೂ ಬೀಜ ವಾಪಸ್ ಕೇಳಿದ್ದು ಅದೇ ಮೊದಲು. ಲೆಬನಾನ್, ಮೊರಾಕ್ಕೊದಲ್ಲಿ ಬಿತ್ತಿ ಬೆಳೆಸಿ, ಹೊಸ ಬೀಜವನ್ನು ಮತ್ತೆ ಅಲ್ಲೇ ಇಟ್ಟರು. ಶಾಂತಿಯಿದ್ದಾಗಲೇ ಯುದ್ಧ ಬರಬಹುದು ಅಂತ ಲೆಕ್ಕ ಹಾಕಿದವರು ಅವರು.

ನಿಧಾನಸ್ಥ:
ಶುರು ಮಾಡಿದಾಗ ಒಂದು ಸಾಲಿನ ಉತ್ತರ ಸಿಗುತ್ತೆ ಅಂದುಕೊಂಡಿದ್ದೆ. ಈಗ ನನ್ನ ಪ್ರಶ್ನೆಯೇ ಬದಲಾಗಿದೆ. ಗದ್ದುಗೆ ಗಟ್ಟಿಯಿದೆಯಾ ಅಂತ ಕೇಳ್ತಿದ್ದೆ, ಈಗ ಕಲಿಸೋರ ಮುಂದೆ ಕಲಿಯೋರು ಕೂತಿದ್ದಾರಾ, ಬೇಕಾದಾಗ ಎದ್ದು ಹೋಗೋಕೆ ಬಾಗಿಲು ಇದೆಯಾ ಅಂತ ಕೇಳಬೇಕು ಅನ್ನಿಸ್ತಿದೆ.

@ಇತಿಹಾಸದ ಹುಳು, ಒಂದು ಕೊನೆಯ ಪ್ರಶ್ನೆ. ಸಮರ್ಕಂದದ ಉಲುಗ್ ಬೇಗ್ ತಾನೇ ದೊರೆ, ತಾನೇ ಖಗೋಳಜ್ಞ. ಅಲ್ಲಿ ಗದ್ದುಗೆಯೂ ವಿದ್ಯೆಯೂ ಒಂದೇ ಕೈಲಿತ್ತು. 1449ರಲ್ಲಿ ಮಗನೇ ಕೊಲ್ಲಿಸಿದ ಅಂತ ಓದಿದ್ದೆ. ಅವನ ನಕ್ಷತ್ರಪಟ್ಟಿ ಏನಾಯ್ತು?

ಇತಿಹಾಸದ ಹುಳು:
ವೀಕ್ಷಣಾಲಯ ಪಾಳುಬಿದ್ದು ಮಣ್ಣಲ್ಲಿ ಮುಚ್ಚಿಹೋಯ್ತು, 1908ರಲ್ಲಿ ಅಗೆದಾಗ ಮತ್ತೆ ಸಿಕ್ಕಿತು. ಪಟ್ಟಿ ಉಳಿಯಿತು. ಅಲ್ಲಿ ಕೆಲಸ ಮಾಡಿದ್ದ ಅಲಿ ಕುಶ್ಚಿ ಸಮರ್ಕಂದ ಬಿಟ್ಟ ಮೇಲೆ ತಬ್ರೀಜ್‌ನಲ್ಲಿ ಇದ್ದು, ಅಲ್ಲಿಂದ ಇಸ್ತಾಂಬುಲ್ ಸೇರಿ, 1474ರಲ್ಲಿ ಸಾಯುವವರೆಗೂ ಪಾಠ ಹೇಳಿದ. ಪ್ರತಿಯಿಂದ ಪ್ರತಿಗೆ ಆ ಕೋಷ್ಟಕ ಊರೂರು ತಿರುಗಿತು. 1665ರಲ್ಲಿ, ಇಂಗ್ಲೆಂಡಿನ ಒಳಯುದ್ಧ ಮುಗಿದು ದೊರೆ ಮರಳಿ ಬಂದು ಐದು ವರ್ಷವಾಗಿತ್ತು, ಆಕ್ಸ್‌ಫರ್ಡ್‌ನಲ್ಲಿ ಥಾಮಸ್ ಹೈಡ್ ಎಂಬವರು ಅದನ್ನು ಲ್ಯಾಟಿನ್ ಅನುವಾದದ ಜೊತೆ ಅಚ್ಚು ಹಾಕಿಸಿದರು. ಸಾವಿರದ ಮೇಲೆ ನಕ್ಷತ್ರಗಳು.